ಐದನೇ ತಾರೀಖಿನ ಬಾಡಿಗೆ

ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿ ಪಕ್ಕದ ಪಡುವಾರಹಳ್ಳಿಯಲ್ಲಿ ಒಂದು ಸುತ್ತು ಹಾಕಿ. ಕೆ.ಆರ್. ಪೇಟೆ, ನಾಗಮಂಗಲ, ಎಚ್.ಡಿ. ಕೋಟೆ ಕಡೆಯಿಂದ ಓದಲು ಬಂದವರು ಸಣ್ಣ ಸಣ್ಣ ರೂಮುಗಳಲ್ಲಿ ಇರುತ್ತಾರೆ. ಹಾಸ್ಟೆಲ್ ಸೀಟು ಸಿಗದವರೇ ಜಾಸ್ತಿ. ಐದನೇ ತಾರೀಖಿನೊಳಗೆ ಬಾಡಿಗೆ ಕೊಡಬೇಕು. ಎಷ್ಟೋ ಮಕ್ಕಳಿಗೆ ಆ ದುಡ್ಡು ಬರುವುದು ಊರಲ್ಲಿ ಅವ್ವ ಡೈರಿಗೆ ಹಾಕಿದ ಹಾಲಿನ ಬಟವಾಡೆಯಿಂದ.

ಓದಲು ಪೇಟೆಗೆ ಬಂದವರು ಎಲ್ಲಿ ಇರಬೇಕು ಅನ್ನುವುದು ಮೈಸೂರಿಗೆ ಹಳೆಯ ಪ್ರಶ್ನೆ. ಒಂದು ಕಾಲದಲ್ಲಿ ಬಡ ಹುಡುಗರು ವಾರಾನ್ನ ಉಂಡು ಓದಿದರು, ದಿನಕ್ಕೊಂದು ಮನೆಯಂತೆ. ಆದರೆ ಆ ಮನೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆಯುತ್ತಿರಲಿಲ್ಲ. ಹಳ್ಳಿ ಮಕ್ಕಳಿಗೆ ದಾರಿಯಾಗಿದ್ದು ಹಾಸ್ಟೆಲುಗಳು. ಸುತ್ತೂರು ಮಠ 1941ರಲ್ಲಿ ಇಲ್ಲಿ ಉಚಿತ ವಿದ್ಯಾರ್ಥಿನಿಲಯ ಶುರುಮಾಡಿತು. ಮುಂದೆ ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿಯಾದರು. ಹಿಂದುಳಿದ ವರ್ಗಗಳ ಸ್ಥಿತಿ ತಿಳಿಯಲು ಅವರ ಕಾಲದಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗಗಳಿಗೆ ಬೇರೆ ಇಲಾಖೆಯೇ ಬಂತು, ಸರ್ಕಾರಿ ಹಾಸ್ಟೆಲುಗಳು ಹೆಚ್ಚಿದವು.

ಓದುವವರು ಅದಕ್ಕಿಂತ ಬೇಗ ಹೆಚ್ಚಿದರು. ಹಾಗಾಗಿ 2013-14ರಲ್ಲಿ ರಾಜ್ಯ ಸರ್ಕಾರದ ‘ವಿದ್ಯಾಸಿರಿ’ ಯೋಜನೆ ಬಂತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ, ವಸತಿಗೆಂದು ಆಗ ತಿಂಗಳಿಗೆ 1,500 ರೂಪಾಯಿ. ವರ್ಷಕ್ಕೆ 10 ತಿಂಗಳು, ಅಂದರೆ 15,000 ರೂಪಾಯಿ. ಹಾಸ್ಟೆಲ್ ಕಟ್ಟಲು ವರ್ಷಗಳು ಬೇಕು, ದುಡ್ಡನ್ನು ಈ ವರ್ಷವೇ ಕೊಡಬಹುದು. ಒಳ್ಳೆಯ ಯೋಚನೆ ಅಂತಲೇ ನಾನು ಈಗಲೂ ನಂಬಿದ್ದೇನೆ.

ಕಷ್ಟ ಇರುವುದು ಲೆಕ್ಕದಲ್ಲಿ. ಬಾಡಿಗೆ ಪ್ರತಿ ತಿಂಗಳ ಖರ್ಚು, ಸಹಾಯಧನ ತಡವಾಗಿ ಒಟ್ಟಿಗೆ ಬಂದ ವರ್ಷಗಳಿವೆ. ಅಷ್ಟರಲ್ಲಿ ಸಾಲ ಬೆಳೆದಿರುತ್ತದೆ. ಇನ್ನು, ವರ್ಷಕ್ಕೆ 10 ತಿಂಗಳು ಮಾತ್ರ ಅನ್ನುವ ಮಾತು. ರಜೆಗೆ ಊರಿಗೆ ಹೋದರೂ ರೂಮು ಬೇಕಂದ್ರೆ ಆ ಎರಡು ತಿಂಗಳ ಬಾಡಿಗೆ ಕಟ್ಟಲೇಬೇಕು, ಇಲ್ಲದಿದ್ದರೆ ಬೇರೆಯವರು ಬಂದಿರುತ್ತಾರೆ. ಮತ್ತೆ ಹುಡುಕಾಟ, ಮತ್ತೆ ಅಡ್ವಾನ್ಸ್.

ಇನ್ನೊಂದು ಕಡಿತ ಯಾರ ಕಣ್ಣಿಗೂ ಬೀಳುವುದಿಲ್ಲ. ಜನ ದಿನಬಳಕೆಗೆ ಕೊಳ್ಳುವ ವಸ್ತುಗಳ ಬೆಲೆ ಎಷ್ಟು ಏರಿದೆ ಅಂತ ತೋರಿಸುವ ದೇಶದ ಗ್ರಾಹಕ ಬೆಲೆ ಸೂಚ್ಯಂಕ 2013-14ರಲ್ಲಿ ಸುಮಾರು 112 ಇತ್ತು, 2024ರ ಡಿಸೆಂಬರ್‌ನಲ್ಲಿ 195 ದಾಟಿತ್ತು. ಅಂದರೆ ಆಗ 1,500 ರೂಪಾಯಿಗೆ ಆಗುತ್ತಿದ್ದ ಖರ್ಚಿಗೆ 2,500ಕ್ಕಿಂತ ಜಾಸ್ತಿ ಬೇಕು. ಬೆಲೆ ಏರಿದಂತೆ ಸಹಾಯಧನ ತಾನಾಗಿ ಏರುವ ನಿಯಮ ಇಲ್ಲ. ಸರ್ಕಾರ ಮನಸ್ಸು ಮಾಡಿ ಹೆಚ್ಚಿಸುವ ತನಕ ಕಾಯಬೇಕು. ಆದೇಶವೇ ಇಲ್ಲದೆ ಸುಮ್ನೆ ಆಗಿಬಿಡುವ ಕಡಿತ ಇದು, ಅಲ್ವಾ?

ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನಕ್ಕಾಗಿ ಮೈಸೂರು, ಮಂಡ್ಯದ ವಿದ್ಯಾರ್ಥಿಗಳು ಬೀದಿಗಿಳಿದಿದ್ದು ಒಂದೆರಡು ಸಲವಲ್ಲ. ನನ್ನ ಕೇಳಿದರೆ ಅವರ ಮನವಿಯಲ್ಲಿ ಇನ್ನೆರಡು ಸಾಲು ಸೇರಬೇಕು: ಹಣ ಐದನೇ ತಾರೀಖಿಗೆ ಮುಂಚೆ ಖಾತೆಗೆ ಬರಲಿ, 12 ತಿಂಗಳೂ ಬರಲಿ.