ಕೊಯ್ಲಿನ ಲೆಕ್ಕ, ಸೆಮಿಸ್ಟರ್ ಲೆಕ್ಕ ಒಂದೇ ಹಾಳೆಯಲ್ಲಿರಲಿ

ಶಿವಮೊಗ್ಗದಲ್ಲಿ ಮೊದಲ ವರ್ಷದ ಪದವಿಗೆ ಸೇರಿದ ಮಕ್ಕಳಿಗೆ ನಾನು ಶುರುವಿನಲ್ಲೇ ಒಂದು ಕೆಲಸ ಕೊಡುತ್ತೇನೆ. ದೊಡ್ಡದೊಂದು ಹಾಳೆಯಲ್ಲಿ ಸೆಮಿಸ್ಟರ್‌ನ ಎಲ್ಲ ವಾರಗಳನ್ನೂ ಬರೆಯಿರಿ. ಮೊದಲು ಮನೆಯ ಕೆಲಸಗಳನ್ನು ತುಂಬಿ, ಕಾಲೇಜಿನದು ಆಮೇಲೆ. ನಮ್ಮ ಕಡೆಯ ಮಕ್ಕಳು ಓದು ತಲೆಗೆ ಹತ್ತದೆ ಹಿಂದೆ ಬೀಳುವುದು ಕಡಿಮೆ. ಮನೆಯ ಕೆಲಸ, ಕಾಲೇಜಿನ ಕೆಲಸ ಎರಡೂ ಒಂದೇ ವಾರಕ್ಕೆ ಬಂದು ಕೂತಾಗ ಎಡವುತ್ತಾರೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆ (ಅಡಿಕೆ ಗೊನೆ) ತೆಗೆಯುವವರು ಸಿಕ್ಕ ದಿನವೇ ಕೊಯ್ಲು. ಆಮೇಲೆ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ರಾತ್ರಿ ಮನೆಮಂದಿಯೆಲ್ಲ ಅಡಿಕೆ ಸುಲಿಯುವ ಮೆಟ್ಟುಕತ್ತಿ ಮುಂದೆ ಕೂತಿರುವಾಗ ಒಬ್ಬರೇ ಪುಸ್ತಕ ಹಿಡಿದು ಒಳಗೆ ಹೋಗೋದು ಸುಲಭವಲ್ಲ. ಮೊದಲ ಸೆಮಿಸ್ಟರ್‌ನ ಇಂಟರ್ನಲ್ಸ್, ಪರೀಕ್ಷೆ ಬಹಳ ಸಲ ಬರೋದೂ ಇದೇ ಚಳಿಗಾಲದಲ್ಲಿ. ಆಗ ಒಂದು ಸಬ್ಜೆಕ್ಟ್ ಉಳಿದರೆ ಅದು ಸಾಮಾನ್ಯವಾಗಿ ಮೂರನೇ ಸೆಮಿಸ್ಟರ್ ಪರೀಕ್ಷೆಯ ಜೊತೆ ಬರುತ್ತದೆ. ಅಂದರೆ ಮುಂದಿನ ವರ್ಷದ ಕೊಯ್ಲಿಗೇ, ಆ ಸಲ ಎರಡರಷ್ಟು ಭಾರವಾಗಿ.

ಹಾಜರಾತಿಯ ಲೆಕ್ಕ ನೋಡಿ. 75% ಬೇಕು ಅಂತ ಎಲ್ಲರಿಗೂ ಗೊತ್ತು, ಕೂತು ಲೆಕ್ಕ ಹಾಕಿದವರು ಕಡಿಮೆ. ಒಂದು ವಿಷಯಕ್ಕೆ ವಾರಕ್ಕೆ 4 ತರಗತಿ, 15 ವಾರ ಅಂದುಕೊಳ್ಳಿ. ಒಟ್ಟು 60. ತಪ್ಪಿಸಬಹುದಾದದ್ದು 15. ಹೊಸನಗರದ ಕಡೆಯ ಹುಡುಗಿಯೊಬ್ಬಳು "ಹದಿನೈದಾ ಮೇಡಂ? ಬೇಕಾದಷ್ಟಾಯ್ತಲ್ಲ" ಅಂದಳು. ಇಬ್ಬರೂ ಕೂತು ಬರೆದೆವು. ಕೊಯ್ಲಿಗೆ ಎರಡು ವಾರ ಮನೆಯಲ್ಲಿದ್ದರೆ 8. ಮಳೆಗೆ ಮರ ಬಿದ್ದು ಬಸ್ ಬರದ ದಿನಗಳಿಗೆ 4. ಜ್ವರ ಬಂದರೆ 3. ಅಕ್ಕನ ಮದುವೆಗೆ 2. ಹದಿನೇಳು! ಅವಳು ಯಾವುದನ್ನೂ ಸುಮ್ನೆ ತಪ್ಪಿಸುತ್ತಿರಲಿಲ್ಲ, ಪ್ರತಿಯೊಂದಕ್ಕೂ ಕಾರಣ ಇತ್ತು. ಆದರೂ ಹಾಜರಾತಿ ಶಾರ್ಟೇಜ್.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಾಜರಾತಿ ನೋಡುವುದು ವಿಷಯವಾರು, ಎಲ್ಲ ಸೇರಿಸಿ ಅಲ್ಲ. ಮಹಿಳೆಯರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ ಉಚಿತ, ನಿಜ. ಆದರೆ ಮಲೆನಾಡಿನ ಎಷ್ಟೋ ಊರುಗಳಿಗೆ ಇರುವುದು ಖಾಸಗಿ ಬಸ್ಸೇ. ಅದು ತಡವಾದರೆ ಹೋಗೋದು ಮೊದಲ ಪೀರಿಯಡ್. ವಾರದಲ್ಲಿ ಮೂರು ದಿನ ಮೊದಲ ಪೀರಿಯಡ್ ಒಂದೇ ವಿಷಯದ್ದಾಗಿದ್ದರೆ ಆ ಒಂದರಲ್ಲೇ ಮಗು ಸಿಕ್ಕಿಬೀಳುತ್ತದೆ. ಹಾಗಾಗಿ ಟೈಮ್‌ಟೇಬಲ್ ಸಿಕ್ಕ ದಿನವೇ ಮೊದಲ ಪೀರಿಯಡ್‌ಗಳಿಗೆ ಗುರುತು ಹಾಕಿ. ಆ ವಿಷಯದ ಮೇಷ್ಟ್ರಿಗೆ ನಿಮ್ಮ ಬಸ್ಸಿನ ಕಥೆ ಮೊದಲೇ ಹೇಳಿ. ಶಾರ್ಟೇಜ್ ಪಟ್ಟಿ ಬಂದ ಮೇಲೆ ಹೇಳಿದರೆ ಅವರೂ ಏನು ಮಾಡೋಕಾಗುತ್ತೆ?

ಹಾಳೆ ತುಂಬಿದ ಮೇಲೆ ಅದನ್ನು ಮನೆಗೆ ತೋರಿಸಬೇಕು. ನನ್ನ ಅನುಭವದಲ್ಲಿ ಇದೇ ಕಷ್ಟದ ಭಾಗ, ಇದೇ ಮುಖ್ಯ ಕೂಡ. ನವೆಂಬರ್‌ನಲ್ಲಿ "ನಾಳೆ ಟೆಸ್ಟ್ ಇದೆ" ಅಂದರೆ ಜಗಳ. ಮಳೆಗಾಲದಲ್ಲೇ "ಅಪ್ಪಯ್ಯಾ, ಈ ಎರಡು ವಾರ ನನ್ನ ಕೈಲಾಗಲ್ಲ, ಉಳಿದ ಭಾನುವಾರ ನಾನೇ ಸುಲಿಯೋಕೆ ಕೂರ್ತೀನಿ" ಅಂದರೆ ಅದು ಮಾತುಕತೆ. ಕೂಲಿಯವರಿಗೆ ಮೊದಲೇ ಹೇಳಿಡುವ ಅಪ್ಪಂದಿರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಓದಿನ ವಿಷಯಕ್ಕೆ ಬಂದರೆ, ಬಸ್ಸಿನ ಹೊತ್ತನ್ನು ಬಿಡಬೇಡಿ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದ: ಕಲಿತದ್ದರಲ್ಲಿ ಹೆಚ್ಚಿನದು ಮರೆತುಹೋಗುವುದು ಮೊದಲ ಒಂದು ದಿನದಲ್ಲಿ. ಅಂದರೆ ಭಾನುವಾರಕ್ಕೆ ಕೂಡಿಡುವುದಕ್ಕಿಂತ ಅದೇ ಸಂಜೆಯ ಹತ್ತು ನಿಮಿಷ ಮೇಲು. ತಿರುವಿನ ರಸ್ತೆಯಲ್ಲಿ ಪುಸ್ತಕ ಹಿಡಿದರೆ ತಲೆ ಸುತ್ತುತ್ತದೆ, ಅಲ್ವಾ? ಪುಸ್ತಕ ಬೇಡ. ಕಿಟಕಿ ಪಕ್ಕ ಕೂತು ಇವತ್ತು ಪ್ರತಿ ಕ್ಲಾಸಲ್ಲಿ ಏನಾಯಿತು ಅಂತ ಮನಸ್ಸಲ್ಲೇ ಹೇಳಿಕೊಳ್ಳಿ. ನೆನಪಾಗದೆ ತಡವರಿಸಿದ ಜಾಗವನ್ನು ಮಾತ್ರ ಮನೆಯಲ್ಲಿ ತೆಗೆದು ನೋಡಿ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಇಂಗ್ಲಿಷ್‌ನಲ್ಲಿ ಬಿಕಾಂ, ಬಿಎಸ್ಸಿ ಓದುವವರು ಮೊದಲ ಎರಡು ತಿಂಗಳು ಇದಕ್ಕೆ ಇನ್ನಷ್ಟು ಸಮಯ ಕೊಡಬೇಕು.

ಕೊನೆಯದಾಗಿ ಕಾಗದಪತ್ರ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಜಾತಿ, ಆದಾಯ ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಆದಾಯ ಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಈಗಲೇ ಹೋಗಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡಿಕೊಳ್ಳಿ. ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಅಂತ ಬ್ಯಾಂಕಿನಲ್ಲಿ ಕೇಳಿ, ದುಡ್ಡು ಬರೋದು ಆ ಖಾತೆಗೆ. ಅದು ಯಾವಾಗಲೋ ಮಾಡಿಸಿ ನಿಂತುಹೋದ ಖಾತೆ ಆಗಿದ್ದರೆ ಬದಲಿಸಲು ವಾರಗಟ್ಟಲೆ ಓಡಾಟ, ಆ ಓಡಾಟವೂ ಹಾಜರಾತಿಯಿಂದಲೇ ಕಳೆಯುತ್ತದೆ. ಹಾಸ್ಟೆಲ್ ಅರ್ಜಿಯ ಕೊನೆಯ ದಿನಾಂಕವನ್ನೂ ಅದೇ ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಡಿ. ದಿನಾ ಎರಡು ಬಸ್ ಬದಲಿಸಿ ಬರುವವರಂತೂ ಹಾಸ್ಟೆಲ್ ಸಿಗುತ್ತದಾ ಅಂತ ಮೊದಲು ವಿಚಾರಿಸಿ, ಉಳಿದ ಲೆಕ್ಕವನ್ನು ಆಮೇಲೆ ಹಾಕಿ.