ವೃಂದ, ಗುಂಪು, ಶ್ರೇಣಿ: ಎಂಜಿನಿಯರ್ ಸಾಹೇಬರ ಬೋರ್ಡು ಓದುವುದು ಹೇಗೆ?

ಶಿರಸಿ ಕಡೆ ನಮ್ಮೂರಿಗೆ ತಿರುಗುವಲ್ಲಿ ಒಂದು ಮೋರಿ ಇದೆ. ಒಂದು ಮಳೆಗಾಲದಲ್ಲಿ ಅದರ ಒಂದು ಮಗ್ಗುಲು ಕುಸಿಯಿತು. ಲೋಕೋಪಯೋಗಿ ಇಲಾಖೆಗೆ ಅರ್ಜಿ ಬರೆಯಲು ಕೂತಾಗ ಪಕ್ಕದ ಮನೆ ಭಾವನದ್ದು ಒಂದೇ ಹಟ. "ಸೀದಾ ದೊಡ್ಡವ್ರಿಗೇ ಬರಿ. ಅವ ಬರೀ ಜೆಇ ಅಲ್ದನಾ, ಅವ್ನ ಹತ್ರ ಎಂತ ಆಗ್ತು?" ಹಾಗೇ ಬರೆದೆವು. ಅರ್ಜಿ ದೊಡ್ಡವರ ಮೇಜಿನಿಂದ ಒಂದೊಂದೇ ಮೆಟ್ಟಿಲು ಇಳಿಯಿತು. ಪ್ರತಿ ಮೆಟ್ಟಿಲಲ್ಲೂ ಒಂದೊಂದು ಸೀಲು. ಕೊನೆಗೆ ಬಂದು ಕೂತದ್ದು ಅದೇ ಜೆಇ, ಅಂದರೆ ಕಿರಿಯ ಎಂಜಿನಿಯರ್ ಮೇಜಿನ ಮೇಲೆ.

ಈ ಮೆಟ್ಟಿಲುಗಳ ಲೆಕ್ಕ ತಿಳಿಯಬೇಕಾದರೆ ಮೊದಲು ‘ವೃಂದ’ ಅನ್ನುವ ಪದ ಬೇಕು. ಇಂಗ್ಲಿಷಿನವರ ಕೇಡರ್. ಹೂವಿನ ಗೊಂಚಲಿಗೂ ಹಾಡುಗಾರರ ಗುಂಪಿಗೂ ಇದ್ದ ಚಂದದ ಪದ ಸರ್ಕಾರಿ ಕಡತಕ್ಕೆ ಬಂದು ಸ್ವಲ್ಪ ಒಣಗಿದೆ. ಅರ್ಥ ಇಷ್ಟೇ: ಒಂದೇ ಬಗೆಯ ಕೆಲಸಕ್ಕೆ, ಒಂದೇ ನಿಯಮದಡಿ ನೇಮಕವಾಗುವ ಹುದ್ದೆಗಳ ಕೂಟ. ಪ್ರತಿ ಇಲಾಖೆಗೂ ‘ವೃಂದ ಮತ್ತು ನೇಮಕಾತಿ ನಿಯಮಗಳು’ ಇರುತ್ತವೆ. ನೌಕರರ ಬಾಯಲ್ಲಿ ಅದು ‘ಸಿ ಅಂಡ್ ಆರ್’. ಯಾವ ಹುದ್ದೆ ಎಷ್ಟು, ಏನು ಓದಿರಬೇಕು, ಎಷ್ಟು ನೇರ ನೇಮಕಾತಿ, ಎಷ್ಟು ಬಡ್ತಿ ಎಲ್ಲ ಅದರಲ್ಲೇ.

ಗುಂಪು ಬೇರೆ ಸಂಗತಿ. ರಾಜ್ಯದ ಹುದ್ದೆಗಳೆಲ್ಲ ಎ, ಬಿ, ಸಿ, ಡಿ ಎಂಬ ನಾಲ್ಕು ಗುಂಪಿನಲ್ಲಿ ಹಂಚಿಹೋಗಿವೆ. ಎ ಮೇಲಿನದು. ಹಿಂದೆ ಇದನ್ನೇ ಕ್ಲಾಸ್ ಅನ್ನುತ್ತಿದ್ದರು. ಹಳಬರು ಈಗಲೂ "ಕ್ಲಾಸ್ ಒನ್ ಆಫೀಸರ್" ಅನ್ನುವುದು ಅದಕ್ಕೇ. ಮೂರನೆಯದು ವೇತನ ಶ್ರೇಣಿ. ಅದು ಸಂಬಳದ ಏಣಿ, ಅಷ್ಟೇ.

ಲೋಕೋಪಯೋಗಿ ಇಲಾಖೆಯನ್ನೇ ನೋಡಿ. ಡಿಪ್ಲೊಮಾ ಮಾಡಿದವರು ಜೆಇ ಆಗಿ ಸೇರುತ್ತಾರೆ. ಅದು ಗುಂಪು ಸಿ. ಬಿಇ ಮಾಡಿದವರು ಸಹಾಯಕ ಎಂಜಿನಿಯರ್. ಅದು ಗುಂಪು ಬಿ. ಆದರೆ ಕೆಲಸ? ಇಬ್ಬರೂ ನೋಡಿಕೊಳ್ಳುವುದು ಒಂದೊಂದು ಸೆಕ್ಷನ್ನನ್ನೇ, ಅಂದರೆ ಉಪವಿಭಾಗದ ಒಂದೊಂದು ತುಂಡನ್ನೇ. ಇವರ ಮೇಲೆ ಉಪವಿಭಾಗಕ್ಕೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ), ವಿಭಾಗಕ್ಕೆ ಕಾರ್ಯಪಾಲಕ ಎಂಜಿನಿಯರ್, ವೃತ್ತಕ್ಕೆ ಅಧೀಕ್ಷಕ ಎಂಜಿನಿಯರ್, ವಲಯಕ್ಕೆ ಮುಖ್ಯ ಎಂಜಿನಿಯರ್. ಇವರೆಲ್ಲ ಗುಂಪು ಎ. ಹೆಸರುಗಳು ಮಾತ್ರ ದಾರಿ ತಪ್ಪಿಸುತ್ತವೆ. ‘ಸಹಾಯಕ’ ಅಂತ ಇದ್ದ ಮಾತ್ರಕ್ಕೆ ಯಾರದೋ ಕೈಕೆಳಗಿನ ಹೆಲ್ಪರ್ ಅಲ್ಲ. ಗುಮಾಸ್ತರ ಮೇಲಿನ ಕಚೇರಿ ಅಧೀಕ್ಷಕರೂ ಅಧೀಕ್ಷಕರೇ, ಅಧೀಕ್ಷಕ ಎಂಜಿನಿಯರೂ ಅಧೀಕ್ಷಕರೇ. ನಡುವಿನ ಅಂತರ ಮಾತ್ರ ಕಾರವಾರದಿಂದ ಮುಂಡಗೋಡಿನಷ್ಟು!

ಭಾವನಿಗೆ ಆಮೇಲೆ ನಾನು ಹೇಳಿದ್ದು ಎಂ.ಬಿ. ವಿಷಯ. ಎಂ.ಬಿ. ಅಂದರೆ ಅಳತೆ ಪುಸ್ತಕ. ಮೋರಿಗೆ ಎಷ್ಟು ಕಲ್ಲು, ಎಷ್ಟು ಕಾಂಕ್ರೀಟು ಹೋಯಿತು ಎಂದು ಅಳೆದು ಅದರಲ್ಲಿ ಬರೆಯುವವರು ಸೆಕ್ಷನ್ನಿನ ಎಂಜಿನಿಯರ್. ಎಇಇ ಅದನ್ನು ಮತ್ತೆ ಅಳೆದು ತಾಳೆ ನೋಡುತ್ತಾರೆ. ಬಿಲ್ಲು ಪಾಸಾಗುವುದು ವಿಭಾಗದಲ್ಲಿ. ಕೆಳಗಿನವರು ಬರೆಯದೆ ಮೇಲಿನವರ ಸಹಿಗೆ ಏನೂ ಇಲ್ಲ. ಹಾಗಾಗಿ ನಮ್ಮ ಅರ್ಜಿ ಇಳಿದು ಬಂದದ್ದು ನಿರ್ಲಕ್ಷ್ಯ ಅಂತ ಹೇಳಲಾಗದು. ಅಳತೆ ಶುರುವಾಗುವುದೇ ಅಲ್ಲಿಂದ.

ಇನ್ನು ಕರಾವಳಿಗೆ ಇಳಿದರೆ ಗೊಂದಲ ಜಾಸ್ತಿ. ಕೈಗಾ ಅಣು ವಿದ್ಯುತ್ ಸ್ಥಾವರದ ಎಂಜಿನಿಯರ್ ಹುಡುಗನ ಸಂಬಂಧ ಬಂದಾಗ ಹುಡುಗಿ ಕಡೆಯವರು ಕೇಳುತ್ತಾರೆ: ಯಾವ ಹುದ್ದೆ? "ಸೈಂಟಿಫಿಕ್ ಆಫೀಸರ್ ಸಿ." ರಾಜ್ಯದ ಲೆಕ್ಕದಲ್ಲಿ ನೋಡಿದವರಿಗೆ ಮುಖ ಸಣ್ಣದಾಗುತ್ತದೆ. ಸಿ ಅಂದರೆ ಗುಂಪು ಸಿ ಅಲ್ವಾ? ಅಲ್ಲ. ಅಣುಶಕ್ತಿಯವರ ಪದ್ಧತಿಯಲ್ಲಿ ಅಕ್ಷರ ಮೇಲಕ್ಕೆ ಏರುತ್ತದೆ. ಎಂಜಿನಿಯರಿಂಗ್ ಪದವೀಧರರು ಅಧಿಕಾರಿಯಾಗಿ ಒಳಗೆ ಬರುವುದೇ ಸಿ ಇಂದ. ಆಮೇಲೆ ಡಿ, ಇ, ಎಫ್ ಅಂತ ಹೋಗುತ್ತದೆ. ಇಲ್ಲಿ ಎ ದೊಡ್ಡದು, ಅಲ್ಲಿ ಎಚ್ ದೊಡ್ಡದು. ಹೆಸರಲ್ಲಿ ‘ಸೈಂಟಿಫಿಕ್’ ಇದ್ದರೂ ಮಾಡುವುದು ಎಂಜಿನಿಯರ್ ಕೆಲಸವೇ.

ಕಾರವಾರದ ನೌಕಾನೆಲೆಯ ಕಟ್ಟಡ, ನೀರು, ಕರೆಂಟು ನೋಡಿಕೊಳ್ಳುವ ಎಂಇಎಸ್‌ನಲ್ಲಿ, ಅಂದರೆ ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ನಲ್ಲಿ, ಎಂಜಿನಿಯರ್, ಆರ್ಕಿಟೆಕ್ಟ್, ಸರ್ವೇಯರ್ ಮೂರಕ್ಕೂ ಬೇರೆ ಬೇರೆ ವೃಂದ ಇದೆ. ಅಲ್ಲಿ ‘ಗ್ಯಾರಿಸನ್ ಎಂಜಿನಿಯರ್’ ಅನ್ನುವುದು ಕುರ್ಚಿಯ ಹೆಸರು. ಆ ಕುರ್ಚಿಯಲ್ಲಿ ಸೇನಾಧಿಕಾರಿಯೂ ಕೂರಬಹುದು, ಕಾರ್ಯಪಾಲಕ ಎಂಜಿನಿಯರ್ ದರ್ಜೆಯ ಸಿವಿಲಿಯನ್ ಕೂಡ ಕೂರಬಹುದು. ಕೇಂದ್ರ ಸರ್ಕಾರದ ಸಂಬಳ 2016ರಿಂದ ‘ಲೆವೆಲ್’ ಲೆಕ್ಕದಲ್ಲಿ. ಜೆಇ ಲೆವೆಲ್ 6, ಮೂಲ ವೇತನ 35,400 ರೂಪಾಯಿಯಿಂದ ಶುರು. ಕಾರ್ಯಪಾಲಕ ಎಂಜಿನಿಯರ್ ಲೆವೆಲ್ 11, 67,700 ರೂಪಾಯಿಯಿಂದ. ನಮ್ಮ ರಾಜ್ಯದ ಆದೇಶಗಳಲ್ಲಿ ಹೀಗೆ ಲೆವೆಲ್ ನಂಬರ್ ಹೇಳುವ ರೂಢಿ ಇಲ್ಲ. ಇಷ್ಟರಿಂದ ಇಷ್ಟರವರೆಗೆ ಎಂಬ ಶ್ರೇಣಿ ಹೇಳುತ್ತಾರೆ.

ಎಂಇಎಸ್‌ನ ಸರ್ವೇಯರ್ ಜಾಗ ಅಳೆಯುವವರಲ್ಲ, ಕೆಲಸ ಅಳೆಯುವವರು. ಎಷ್ಟು ಸಾಮಾನು, ಎಷ್ಟು ಖರ್ಚು, ಟೆಂಡರು, ಒಪ್ಪಂದ, ಇದು ಅವರ ಲೋಕ. ನಮಗೆ ಗೊತ್ತಿರುವ ‘ಸರ್ವೆಯವರು’ ಬೇರೆ. ಅವರು ಭೂಮಾಪನ ಇಲಾಖೆಯ ಭೂಮಾಪಕರು. ಅವರ ಮೇಲೆ ಸೂಪರ್‌ವೈಸರ್, ತಾಲೂಕಿಗೆ ಎಡಿಎಲ್ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರು), ಜಿಲ್ಲೆಗೆ ಕಾರವಾರದಲ್ಲಿ ಡಿಡಿಎಲ್ಆರ್ (ಉಪನಿರ್ದೇಶಕರು). ತೋಟ ಪಾಲಾಗುವಾಗ ಹನ್ನೊಂದು ಇ ನಕ್ಷೆ, ಅಂದರೆ ಪಾಲಿನ ಅಳತೆ ನಕ್ಷೆ, ಮಾಡಲು ಬರುವವರು ಎಷ್ಟೋ ಸಲ ಪರವಾನಗಿ ಭೂಮಾಪಕರು. ಇವರು ಈ ಏಣಿಯಲ್ಲಿ ಎಲ್ಲೂ ಇಲ್ಲ. ಸರ್ಕಾರದ ಲೈಸೆನ್ಸ್ ಇದೆ, ಸಂಬಳ ಇಲ್ಲ, ಬಡ್ತಿಯೂ ಇಲ್ಲ. ಮಾಡಿದ ಕೆಲಸಕ್ಕೆ ಶುಲ್ಕ. ಆದರೂ ಗುಂಟೆಗೆ 16 ಆಣೆ ಎಂದು ಲೆಕ್ಕ ಹಾಕುವ ನಮ್ಮ ಜಿಲ್ಲೆಯಲ್ಲಿ, ಅರ್ಧ ಆಣೆ ಅಡಿಕೆ ತೋಟಕ್ಕೆ ಅಣ್ಣ ತಮ್ಮ ಮಾತು ಬಿಟ್ಟಿರುವಾಗ, ಚೀಫ್ ಎಂಜಿನಿಯರ್‌ಗಿಂತ ಅವರಿಗೇ ಮರ್ಯಾದೆ ಜಾಸ್ತಿ. ಚಾ ಕೂಡ ಎರಡೆರಡು ಮನೆಯಿಂದ ಬರುತ್ತದೆ.

ಆರ್ಕಿಟೆಕ್ಟ್ ಬಗ್ಗೆ ನಮ್ಮಲ್ಲಿ ಹೇಳುವಂಥದ್ದು ಕಡಿಮೆ. 1972ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ಕೇಂದ್ರ ಲೋಕೋಪಯೋಗಿಯಲ್ಲಿ ಡೆಪ್ಯುಟಿ ಆರ್ಕಿಟೆಕ್ಟ್, ಆರ್ಕಿಟೆಕ್ಟ್, ಸೀನಿಯರ್, ಚೀಫ್ ಎಂದು ಅವರದೇ ಏಣಿ ಇದೆ. ಕನ್ನಡದ ‘ವಾಸ್ತುಶಿಲ್ಪಿ’ ಬೋರ್ಡು ನೋಡಿ ಅಡುಗೆಮನೆ ಯಾವ ದಿಕ್ಕಿಗೆ ಎಂದು ಕೇಳಲು ಹೋದರೆ ಅವರಿಗೆ ಬೇಜಾರಾಗುತ್ತದೆ.

ಜೆಇ ಬಂದದ್ದು ಒಂದು ಮಧ್ಯಾಹ್ನ, ಬೈಕಿನಲ್ಲಿ, ಜಿಟಿಜಿಟಿ ಮಳೆಯಲ್ಲಿ. ಜೊತೆಗೆ ಯಾರೂ ಇರಲಿಲ್ಲ. ಟೇಪಿನ ಇನ್ನೊಂದು ತುದಿ ಹಿಡಿದು ಹಳ್ಳಕ್ಕೆ ಇಳಿದದ್ದು ಭಾವನೇ.