ಬರ್ಟ್ ವಿಲಿಯಮ್ಸ್ ಮುಖದ ಮಸಿ ಎಲ್ಲಿಂದ ಬಂತು?

ಬಹಾಮಾಸ್‌ನಲ್ಲಿ 1874ರಲ್ಲಿ ಹುಟ್ಟಿದ ಹಾಸ್ಯನಟ ಬರ್ಟ್ ವಿಲಿಯಮ್ಸ್ ಕಪ್ಪು ಜನಾಂಗದವರೇ, ಆದರೆ ತಿಳಿ ಮೈಬಣ್ಣದವರು. ಅಮೆರಿಕದ ರಂಗಕ್ಕೆ ಆ ಬಣ್ಣ ಸಾಲಲಿಲ್ಲ. ಸುಟ್ಟ ಬಿರಡೆಯ ಮಸಿ ಬಳಿದುಕೊಂಡೇ ಅವರು ಹೆಸರು ಮಾಡಬೇಕಾಯಿತು.

ಈ ಮಸಿ ಬಿಳಿಯರು ಶುರುಮಾಡಿದ ಚಾಳಿ. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಕಪ್ಪು ಹಚ್ಚಿ 'ಜಿಮ್ ಕ್ರೋ' ಎಂದು ಕುಣಿದ. ಮುಂದೆ ವರ್ಣಭೇದದ ಕಾನೂನುಗಳಿಗೆ ಅದೇ ಹೆಸರು ಅಂಟಿತು. 1843ರಲ್ಲಿ ನ್ಯೂಯಾರ್ಕ್‌ನಲ್ಲಿ ನಾಲ್ವರು ಬಿಳಿಯರು ಕಟ್ಟಿದ ತಂಡದಿಂದ ಮಿನ್‌ಸ್ಟ್ರೆಲ್ ಆಟ, ಅಂದರೆ ಮುಖಕ್ಕೆ ಮಸಿ ಬಳಿದು ಕಪ್ಪು ಜನರನ್ನು ಅಣಕಿಸುವ ಹಾಡು-ಕುಣಿತದ ಪ್ರದರ್ಶನ, ದೊಡ್ಡ ದಂಧೆಯೇ ಆಯಿತು. ಅಂತರ್ಯುದ್ಧದ ನಂತರ ಕಪ್ಪು ಕಲಾವಿದರಿಗೂ ಅದರಲ್ಲಿ ಅನ್ನ ಸಿಕ್ಕಿತು. ಆದರೆ ತಮ್ಮನ್ನೇ ಅಣಕಿಸುವ ಪಾತ್ರಗಳನ್ನು ಅವರೇ ಹೊರಬೇಕಿತ್ತು.

1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಲಿಯಮ್ಸ್‌ಗೆ ಕಪ್ಪು ಕಲಾವಿದ ಜಾರ್ಜ್ ವಾಕರ್ ಜೊತೆಯಾದರು. ಬಿಳಿಯರ ನಕಲು ಅಷ್ಟು ಓಡುವುದಾದರೆ ನಾವು 'ಅಸಲಿ' ಎಂದೇ ಸಾರೋಣ ಎಂದು ಇಬ್ಬರೂ ಬೈಗುಳದ ಪದವನ್ನೇ ಜಾಹೀರಾತಿಗೆ ಹಾಕಿಕೊಂಡರು. ಕಹಿ ಜಾಣತನ! ಅದು ಫಲಿಸಿತು ಕೂಡ. 1903ರಲ್ಲಿ ಅವರ 'ಇನ್ ಡಹೋಮಿ' ಸಂಗೀತ ನಾಟಕ ನ್ಯೂಯಾರ್ಕ್‌ನ ದೊಡ್ಡ ರಂಗವಾದ ಬ್ರಾಡ್‌ವೇ ಹತ್ತಿತು. ಬರೆದವರೂ ಆಡಿದವರೂ ಕಪ್ಪು ಜನರೇ. ಅದೇ ವರ್ಷ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲೂ ಪ್ರದರ್ಶನವಾಯಿತು.

ವಾಕರ್ ಕಾಯಿಲೆ ಬಿದ್ದು 1911ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ, 1910ರಲ್ಲಿ, ವಿಲಿಯಮ್ಸ್ ಒಬ್ಬರೇ ನಿರ್ಮಾಪಕ ಜೀಗ್‌ಫೆಲ್ಡ್ ನಡೆಸುತ್ತಿದ್ದ ಅದ್ದೂರಿ ಹಾಡು-ಹಾಸ್ಯದ ಪ್ರದರ್ಶನ 'ಜೀಗ್‌ಫೆಲ್ಡ್ ಫಾಲೀಸ್' ಸೇರಿದ್ದರು. ಬಿಳಿಯ ಸಹನಟರು ತಕರಾರು ತೆಗೆದರು, ಜೀಗ್‌ಫೆಲ್ಡ್ ಜಗ್ಗಲಿಲ್ಲ. ತನ್ನನ್ನು ಬೇರೊಬ್ಬನಾಗಿ ಕಾಣಲು ಸಾಧ್ಯವಾದ ಮೇಲಷ್ಟೇ ತನಗೆ ಹಾಸ್ಯ ಒಲಿಯಿತು ಎಂದು ವಿಲಿಯಮ್ಸ್ ಹೇಳಿಕೊಂಡದ್ದುಂಟು. ನಿಜವಿರಬಹುದು; ಆದರೆ ಆ ಮಸಿ ತೊಳೆದು ಬಂದಿದ್ದರೆ ಟಿಕೆಟ್ ಕೊಳ್ಳುವವರು ಎಷ್ಟು ಮಂದಿ ಇರುತ್ತಿದ್ದರು ಎಂಬ ಪ್ರಶ್ನೆಯನ್ನು ಈ ಮಾತು ಮರೆಸಬಾರದು. 'ನಾನು ಕಂಡ ಅತಿ ತಮಾಷೆಯ ಮನುಷ್ಯ, ನಾನು ಬಲ್ಲ ಅತಿ ದುಃಖಿ' ಎಂದದ್ದು ಫಾಲೀಸ್‌ನಲ್ಲಿ ಜೊತೆಗಿದ್ದ ಹಾಸ್ಯನಟ ಡಬ್ಲ್ಯೂ. ಸಿ. ಫೀಲ್ಡ್ಸ್.

1922ರಲ್ಲಿ ಡೆಟ್ರಾಯಿಟ್‌ನ ರಂಗದ ಮೇಲೆ ಕುಸಿದ ವಿಲಿಯಮ್ಸ್, ಮಾರ್ಚ್ 4ರಂದು ನ್ಯೂಯಾರ್ಕ್‌ನಲ್ಲಿ ಕೊನೆಯುಸಿರೆಳೆದರು. ಅವರ ನಿಜವಾದ ಕಸುಬು ತಿಳಿಯಬೇಕಿದ್ದರೆ ಪೋಕರ್ ಎಂಬ ಇಸ್ಪೀಟ್ ಆಟದ ಮೂಕಾಭಿನಯ ನೋಡಬೇಕು. ಮೇಜಿಲ್ಲ, ಎಲೆಯಿಲ್ಲ, ಎದುರಾಳಿಯಿಲ್ಲ. ಎಲೆ ಹಂಚಿದ್ದು, ಕೈಗೆ ಬಂದದ್ದನ್ನು ಕಂಡು ಕಣ್ಣರಳಿದ್ದು, ಪಣ ಏರಿಸಿದ್ದು, ಎದುರಿನವನು ಎಲೆ ಬಿಚ್ಚಿದಾಗ ಮುಖ ಇಳಿದದ್ದು ಎಲ್ಲವೂ ಕೈ, ಕಣ್ಣು, ಹುಬ್ಬುಗಳಲ್ಲೇ. 1916ರ 'ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್' ಕಿರುಚಿತ್ರದಲ್ಲಿ ಈ ಆಟ ಉಳಿದುಕೊಂಡಿದೆ.